ಯೋರ್ವಿಕ್‌ಗೆ ಹೋಗೋದಾ, ಹೈತಾಬುಗಾ?

ವೈಕಿಂಗ್ ಕಾಲದ ಜನ (ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಯುರೋಪಿನಲ್ಲಿದ್ದ ಕಡಲಯಾನಿಗಳು) ದಿನನಿತ್ಯ ಹೇಗೆ ಬದುಕುತ್ತಿದ್ದರು ಅಂತ ನೋಡುವ ಆಸೆಯಿದ್ದು, ಒಂದೇ ಜಾಗಕ್ಕೆ ಹೋಗಲು ಸಮಯವಿದ್ದರೆ ನನ್ನ ಓಟು ಹೈತಾಬುಗೆ.

ಯೋರ್ವಿಕ್ ಒಂದು ಮ್ಯೂಸಿಯಂ, ಇರುವುದು ಇಂಗ್ಲೆಂಡಿನ ಯಾರ್ಕ್ ಊರಿನ ನಡುವೆ, 1976ರಿಂದ 1981ರವರೆಗೆ ಪುರಾತತ್ವದವರು ಅಗೆದ ಕಾಪರ್‌ಗೇಟ್ ಬೀದಿಯ ಅದೇ ಜಾಗದಲ್ಲಿ. ಸಣ್ಣ ಗಾಡಿಯಲ್ಲಿ ಕೂತು ಹತ್ತನೇ ಶತಮಾನದಂತೆ ಮತ್ತೆ ಕಟ್ಟಿದ ಬೀದಿಯಲ್ಲಿ ಸಾಗುತ್ತೀರಿ, ಆಗಿನ ವಾಸನೆಯೂ ಮೂಗಿಗೆ ಬಡಿಯುತ್ತದೆ. ಮಕ್ಕಳಿಗೆ ಇದೇ ಸರಿ. ಇಲ್ಲಿನ ಮಣ್ಣು ಒದ್ದೆ, ಗಾಳಿ ಆಡದ್ದು, ಹಾಗಾಗಿ ಮರ, ತೊಗಲು ಕೊಳೆಯದೆ ಉಳಿದಿವೆ. ಒಂಟಿ ಸೂಜಿಯಲ್ಲಿ ಹೆಣೆದ ಉಣ್ಣೆಯ ಕಾಲುಚೀಲ ಕೂಡ ಸಿಕ್ಕಿದೆ! ಕಲ್ಲಿನಂತೆ ಗಟ್ಟಿಯಾದ ಮನುಷ್ಯನ ಮಲವೂ ಇದೆ, ಅದರಲ್ಲಿ ಜಂತುಹುಳುವಿನ ಮೊಟ್ಟೆಗಳು. ಆ ಜನರ ಹೊಟ್ಟೆಯ ಪಾಡು ಇದಕ್ಕಿಂತ ನೇರವಾಗಿ ಎಲ್ಲೂ ಗೊತ್ತಾಗದು.

ಹೈತಾಬು ಉತ್ತರ ಜರ್ಮನಿಯ ಷ್ಲೆಸ್‌ವಿಗ್ ಪಕ್ಕದಲ್ಲಿದೆ. ಆಗ ಡೇನರ (ಡೆನ್ಮಾರ್ಕಿನ ಜನರ) ದೊಡ್ಡ ವ್ಯಾಪಾರದ ಊರು, 1066ರಲ್ಲಿ ಹಾಳಾಯಿತು. ಅರ್ಧಚಂದ್ರದ ಮಣ್ಣಿನ ಕೋಟೆ ಈಗಲೂ ನಿಂತಿದೆ, ಅದರ ಮೇಲೆ ನಡೆಯಬಹುದು. ಒಳಗೆ, ನೀರಿನ ಹತ್ತಿರ, ಮತ್ತೆ ಕಟ್ಟಿದ ಏಳು ಮನೆಗಳಿವೆ. ಬಾಗಿಲು ದಾಟಿ ಒಳಗೆ ನಿಂತಾಗಲೇ ಅಲ್ವಾ ಎಷ್ಟು ಕತ್ತಲು, ಎಷ್ಟು ಇಕ್ಕಟ್ಟು ಅಂತ ತಿಳಿಯೋದು. ಹಡಗಿನ ಆಸಕ್ತಿ ಇರುವವರಂತೂ ಎರಡನೇ ಯೋಚನೆ ಮಾಡದೆ ಇಲ್ಲಿಗೇ ಬನ್ನಿ: ಬಂದರಿನ ಕೆಸರಿನಿಂದ ಎತ್ತಿದ ಸುಮಾರು 30 ಮೀಟರ್ ಉದ್ದದ ಯುದ್ಧನೌಕೆಯ ಉಳಿಕೆ ಇಲ್ಲಿನ ಮ್ಯೂಸಿಯಂನಲ್ಲೇ ಇದೆ.

ವೈಕಿಂಗರ ದೇವರುಗಳಾದ ಥಾರ್, ಓಡಿನ್ ಕತೆಗಳಿಗಾಗಿ ಸುಮ್ನೆ ಇಷ್ಟು ದೂರ ಹೋಗಬೇಡಿ, ಎರಡೂ ಕಡೆ ಜಾಸ್ತಿ ಕಾಣೋದು ಕಸುಬು ಮತ್ತು ಸಂಸಾರ. ಚಳಿಗಾಲದಲ್ಲಿ ಹೊರಡುವವರು ಮಾತ್ರ ಯೋರ್ವಿಕ್ ಆರಿಸಿ, ಆಗ ಹೈತಾಬುವಿನ ಮನೆಗಳು ಮುಚ್ಚಿರುತ್ತವೆ.