ಅಕ್ರಿಲಿಕ್, ಬಿಲ್ಡರ್ ಜೆಲ್, ಪಾಲಿಜೆಲ್, ಸಾಫ್ಟ್ ಜೆಲ್ ಟಿಪ್: ಹಚ್ಚುವ ದಿನ ಅಲ್ಲ, ತೆಗೆಯುವ ದಿನ ನೋಡಿ

ಹೊಸ ಬ್ಯಾಚ್ ಶುರುವಾದರೆ ಮೊದಲ ದಿನವೇ ಯಾರಾದರೂ ಕೇಳುತ್ತಾರೆ: "ಮೇಡಂ, ಅಕ್ರಿಲಿಕ್ ಒಳ್ಳೇದಾ, ಜೆಲ್ ಒಳ್ಳೇದಾ?" ಸ್ಟುಡಿಯೋಗೆ ಬರುವ ಕಸ್ಟಮರ್‌ಗಳು ಇದನ್ನೇ ಬೇರೆ ಥರ ಕೇಳುತ್ತಾರೆ: "ಯಾವುದು ಜಾಸ್ತಿ ದಿನ ಬರುತ್ತೆ?" ಬೆಂಗಳೂರಿನಲ್ಲಿ ಉಗುರಿನ ಕೆಲಸ ಮಾಡುತ್ತಾ, ಕಲಿಸುತ್ತಾ ಈ ನಾಲ್ಕೂ ಬಗೆಯ ಕೃತಕ ಉಗುರನ್ನು ನನ್ನ ಕೈಗೂ ಹಾಕಿಕೊಂಡಿದ್ದೇನೆ, ನೂರಾರು ಕೈಗಳಿಗೂ ಹಾಕಿದ್ದೇನೆ. ಹಾಕಿದ ದಿನ ನಾಲ್ಕೂ ಚೆಂದವೇ. ಫೋಟೋ ನೋಡಿ ಯಾವುದು ಯಾವುದು ಅಂತ ಹೇಳುವುದು ಕೆಲಸ ಗೊತ್ತಿದ್ದವರಿಗೂ ಕಷ್ಟ. ಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಮೂರು ವಾರ ಕಳೆದು, ಬುಡದಲ್ಲಿ ಹೊಸ ಉಗುರು ಕಾಣಿಸಿಕೊಂಡು, ಕಸ್ಟಮರ್ ಮತ್ತೆ ಬಂದು ಎದುರಿಗೆ ಕೂರುತ್ತಾರಲ್ಲ, ಆಗ ತಿಳಿಯುತ್ತದೆ ಯಾವುದು ಎಂಥದ್ದು ಅಂತ. ತೆಗೆದ ಮೇಲೆ ಕೆಳಗಿನ ಉಗುರು ಹೇಗಿದೆ ಎನ್ನುವುದೇ ನನ್ನ ಅಳತೆಗೋಲು. ಈ ಹೋಲಿಕೆ ಪೂರ್ತಿ ಅದರ ಮೇಲೇ ನಿಂತಿದೆ.

ಮೊದಲು ಅಕ್ರಿಲಿಕ್. ಇದು ಹಳೆಯದು. ಹುಟ್ಟಿದ್ದು ಹಲ್ಲಿನ ವೈದ್ಯರ ಕೋಣೆಯಲ್ಲಿ. ಅಮೆರಿಕದ ಫ್ರೆಡ್ ಸ್ಲ್ಯಾಕ್ ಎಂಬ ದಂತವೈದ್ಯರು 1950ರ ದಶಕದಲ್ಲಿ ಮುರಿದುಹೋದ ತಮ್ಮ ಉಗುರನ್ನು ಹಲ್ಲಿಗೆ ಬಳಸುವ ಅಕ್ರಿಲಿಕ್‌ನಿಂದ ಕಟ್ಟಿಕೊಂಡರು. ಇವತ್ತಿಗೂ ಮೂಲ ಕೆಲಸ ಅದೇ. ಒಂದು ಕಡೆ ಪುಡಿ, ಒಂದು ಕಡೆ ಲಿಕ್ವಿಡ್. ಬ್ರಷ್ಷನ್ನು ಲಿಕ್ವಿಡ್‌ನಲ್ಲಿ ಅದ್ದಿ ಪುಡಿಗೆ ಮುಟ್ಟಿಸಿದರೆ ಒಂದು ಸಣ್ಣ ಮುತ್ತಿನಂಥ ಬೀಡ್ ಬರುತ್ತದೆ. ಅದನ್ನು ಉಗುರಿನ ಮೇಲಿಟ್ಟು, ಗಟ್ಟಿಯಾಗುವುದರೊಳಗೆ ಆಕಾರ ಕೊಡಬೇಕು. ಜೆಲ್ ಗಟ್ಟಿ ಮಾಡಲು ಬೇಕಾಗುವಂಥ ಲ್ಯಾಂಪ್ ಬೇಡ, ಕರೆಂಟ್ ಬೇಡ. ಬೇಸಿಗೆಯಲ್ಲಿ ಪದೇ ಪದೇ ಕರೆಂಟ್ ಹೋಗುವ ಊರುಗಳಿಂದ ಬರುವ ವಿದ್ಯಾರ್ಥಿಗಳಿಗೆ ಇದು ಸಣ್ಣ ಮಾತಲ್ಲ. ಆದರೆ ಲಿಕ್ವಿಡ್ ಹವಾಮಾನದ ಮಾತು ಕೇಳುತ್ತದೆ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ ಬೀಡ್ ಬೇಗ ಗಟ್ಟಿಯಾಗದೆ ಹರಡಿಕೊಳ್ಳುತ್ತದೆ. ತುಂಬಾ ಚಳಿಯಿದ್ದರೆ ಮೇಲೆ ಮಂಜು ಕೂತ ಹಾಗೆ ಬೆಳ್ಳಗಾಗುತ್ತದೆ. ಏಪ್ರಿಲ್‌ನಲ್ಲಿ ಮಂಗಳೂರಿಗೆ ಹೋಗಿ ಅದೇ ಬಾಟಲಿ ತೆರೆದರೆ, ಬ್ರಷ್ ಎತ್ತುವಷ್ಟರಲ್ಲಿ ಬೀಡ್ ಬಿಗಿದುಕೊಂಡಿರುತ್ತದೆ.

ಗಟ್ಟಿತನದಲ್ಲಿ ಅಕ್ರಿಲಿಕ್ ಒಳ್ಳೆಯದೇ. ಉಗುರು ಕಚ್ಚುವ ಅಭ್ಯಾಸ ಇರುವವರಿಗೆ, ಇನ್ನೂ ಉದ್ದ ಬೇಕು ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮುರಿದರೆ ಒಂದು ಬೆರಳನ್ನು ಸರಿಮಾಡುವುದೂ ಸುಲಭ. ವಾಸನೆ ಮಾತ್ರ ಜೋರು. ಮಹಡಿ ಮೇಲಿನ ಸಣ್ಣ ರೂಮಿನಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿಕೊಂಡು ಅಕ್ರಿಲಿಕ್ ಮಾಡಬಾರದು, ದಯವಿಟ್ಟು. ಎನ್‌95 ಮಾಸ್ಕ್ ಧೂಳು ತಡೆಯುತ್ತದೆ, ಆವಿ ತಡೆಯುವುದಿಲ್ಲ. ಗಾಳಿ ಹೊರಗೆ ಹೋಗುವ ದಾರಿ ಇರಲೇಬೇಕು.

ಇನ್ನು ತೆಗೆಯುವ ದಿನ. ಸರಿಯಾದ ಲಿಕ್ವಿಡ್ ಅಂದರೆ ಇಎಂಎ, ಅಂದರೆ ಎಥೈಲ್ ಮೆಥಾಕ್ರಿಲೇಟ್. ಇದರಿಂದ ಮಾಡಿದ ಉಗುರನ್ನು ಮೇಲಿಂದ ಫೈಲ್ ಮಾಡಿ, ಅಂದರೆ ಉಜ್ಜಿ, ತೆಳ್ಳಗೆ ಮಾಡಿ, ಉಗುರುಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ಅದ್ದಿದ ಹತ್ತಿ ಇಟ್ಟು ಫಾಯಿಲ್ ಸುತ್ತಿದರೆ ಅರ್ಧ ಗಂಟೆಯೊಳಗೆ ಮೆತ್ತಗಾಗಿ ಜಾರುತ್ತದೆ. ಹಲ್ಲಿನ ಸೆಟ್ಟಿಗೂ ಮೂಳೆಯ ಸಿಮೆಂಟಿಗೂ ಬಳಸುವ ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ಎನ್ನುವ ಇನ್ನೊಂದು ಅಗ್ಗದ ಲಿಕ್ವಿಡ್ ಇದೆ. ಅದು ಅಸಿಟೋನ್‌ಗೆ ಸುಲಭಕ್ಕೆ ಜಗ್ಗುವುದಿಲ್ಲ. ಕಲ್ಲಿನಷ್ಟು ಗಟ್ಟಿ. ಬಾಗಿಲಿಗೆ ಕೈ ತಗುಲಿದರೆ ಮೇಲಿನದು ಮುರಿಯುವುದಿಲ್ಲ, ಕೆಳಗಿನ ನಿಮ್ಮ ಉಗುರೇ ಕಿತ್ತು ಬರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1970ರ ದಶಕದಲ್ಲೇ ಇದರ ಮೇಲೆ ಕ್ರಮ ತೆಗೆದುಕೊಂಡಿತ್ತು. ಆದರೂ ಇದು ಇನ್ನೂ ಸಿಗುತ್ತದೆ. ಲೇಬಲ್ ಇಲ್ಲದ ದೊಡ್ಡ ಬಾಟಲಿ, ನಂಬಲಾರದಷ್ಟು ಕಡಿಮೆ ರೇಟ್, ಮೂಗಿಗೆ ಹೊಡೆಯುವ ವಾಸನೆ. ಈ ಮೂರೂ ಸೇರಿದರೆ ಅಂಗಡಿಯಿಂದ ಹೊರಗೆ ಬನ್ನಿ. ಬೇರೆ ಯಾವುದೋ ಕಡೆ ಹಾಕಿಸಿಕೊಂಡು, ತೆಗೆಸಲಾಗದೆ ನನ್ನ ಹತ್ತಿರ ಬಂದ ಒಬ್ಬರ ಕೈ ನೆನಪಿದೆ. ಉಗುರು ಕಾಗದದಷ್ಟು ತೆಳ್ಳಗಾಗಿತ್ತು. ಬಿಸಿ ನೀರು ತಗುಲಿದರೆ ಉರಿ. ಅದು ಬೆಳೆದು ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಬೇಕು. ಅಷ್ಟು ದಿನ ಅವರಿಗೆ ನಾನು ಎಣ್ಣೆ ಬಿಟ್ಟು ಇನ್ನೇನೂ ಹಚ್ಚಲಿಲ್ಲ.

ಜೆಲ್ ಕಡೆಗೆ ಬಂದರೆ, ಇಲ್ಲಿ ಒಂದು ಹೆಸರಿನಡಿ ಎರಡು ಬೇರೆ ಸಾಮಾನುಗಳಿವೆ. ಒಂದು ಹಾರ್ಡ್ ಜೆಲ್. ಇದನ್ನು ಅಸಿಟೋನ್ ಕರಗಿಸುವುದೇ ಇಲ್ಲ. ಫೈಲ್ ಮಾಡಿಯೇ ತೆಗೆಯಬೇಕು. ಇನ್ನೊಂದು ಸೋಕ್-ಆಫ್ ಬಿಲ್ಡರ್ ಜೆಲ್. ಇದು ಸ್ವಲ್ಪ ಮೆತ್ತನೆ, ಬಾಗುತ್ತದೆ, ಅಸಿಟೋನ್‌ಗೆ ಬಿಡುತ್ತದೆ. ಅಂಗಡಿಯಲ್ಲಿ ಎರಡಕ್ಕೂ "ಬಿಲ್ಡರ್" ಅಂತಲೇ ಹೇಳುತ್ತಾರೆ, ಅದಕ್ಕೆ ಕೇಳಿ ತಿಳಿದುಕೊಂಡು ತೆಗೆದುಕೊಳ್ಳಿ. ಮನೆ ಕೆಲಸ, ಆಫೀಸು, ಮಕ್ಕಳು ಎಲ್ಲ ಇರುವ ಹೆಂಗಸರಿಗೆ ನಾನು ಕೊಡುವುದು ಎರಡನೆಯದನ್ನೇ. ಅದೂ ಉದ್ದ ಮಾಡದೆ, ಇರುವ ಉಗುರಿನ ಮೇಲೆಯೇ ಓವರ್‌ಲೇ.

ನಮ್ಮ ಕೈಗಳ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಆನ್‌ಲೈನ್‌ನಲ್ಲಿ ನಾವು ನೋಡುವ ಹೊರದೇಶದ ಕ್ಲಾಸುಗಳಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ನಾವು ಕೈಯಲ್ಲಿ ಊಟ ಮಾಡುತ್ತೇವೆ. ಸಾರನ್ನ ಕಲೆಸುತ್ತೇವೆ, ಮುದ್ದೆ ಮುರಿಯುತ್ತೇವೆ. ಉಗುರು ಉದ್ದ ಇದ್ದಷ್ಟೂ ಕೆಳಗೆ ಅನ್ನ ಸಿಕ್ಕಿಕೊಳ್ಳುತ್ತದೆ, ತೊಳೆಯುವಾಗ ಕೆರೆಯುತ್ತೇವೆ, ಅಲ್ಲಿಂದ ಲಿಫ್ಟಿಂಗ್, ಅಂದರೆ ಅಂಚು ಬಿಟ್ಟುಕೊಳ್ಳುವುದು, ಶುರು. ಅರಿಶಿನ ತಿಳಿ ಬಣ್ಣಗಳನ್ನೆಲ್ಲ ಹಳದಿ ಮಾಡುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಟಾಪ್ ಕೋಟನ್ನು ಗೀಚಿ ಹೊಳಪು ಕಳೆಯುತ್ತದೆ. ಸೀರೆ ನೆರಿಗೆ ಹಿಡಿಯುವಾಗ, ಹೂ ಕಟ್ಟುವಾಗ ಉಗುರಿನ ತುದಿಗೆ ಎಷ್ಟು ಕೆಲಸ ಬೀಳುತ್ತದೆ ಗೊತ್ತಾ? ಇಂಥ ಕೈಗೆ ಬಾಗುವ ಗುಣ ಬೇಕು. ಗಟ್ಟಿ ಅಕ್ರಿಲಿಕ್ ಬಾಗದೆ ಒಂದು ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ. ಆ ಸಂದಿನಲ್ಲಿ ನೀರು ನಿಂತರೆ ಉಗುರು ಹಸಿರಾಗುತ್ತದೆ. ಅದು ಬ್ಯಾಕ್ಟೀರಿಯಾದ ಕಲೆ, ಮೇಲೆ ಬಣ್ಣ ಹಚ್ಚಿ ಮುಚ್ಚುವಂಥದ್ದಲ್ಲ. ಬಿಲ್ಡರ್ ಓವರ್‌ಲೇ ಚಿಕ್ಕ ಉಗುರಿನ ಜೊತೆ ಬಾಗಿ, ಮೂರು ನಾಲ್ಕು ವಾರ ಸುಮ್ನೆ ಕೂತಿರುತ್ತದೆ.

ಜೆಲ್‌ನಲ್ಲಿ ಎರಡು ತೊಂದರೆ. ಒಂದು ಬಿಸಿ. ದಪ್ಪಗೆ ಹಾಕಿ ಲ್ಯಾಂಪಿಗೆ ಕೈ ಇಟ್ಟರೆ, ಜೆಲ್ ಗಟ್ಟಿಯಾಗುವಾಗ ಹುಟ್ಟುವ ಶಾಖಕ್ಕೆ ಕಸ್ಟಮರ್ ಕೈ ಎಳೆದುಕೊಳ್ಳುತ್ತಾರೆ. ತೆಳ್ಳಗೆ ಎರಡು ಸಲ ಹಾಕಿದರೆ ಈ ತೊಂದರೆ ಇಲ್ಲ. ಇನ್ನೊಂದು ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಲ್ಯಾಂಪೂ ಎಲ್ಲ ಜೆಲ್ಲನ್ನೂ ಒಳಗಿನವರೆಗೆ ಗಟ್ಟಿ ಮಾಡುವುದಿಲ್ಲ. ಮೇಲೆ ಮುಟ್ಟಿದರೆ ಗಟ್ಟಿ, ಒಳಗೆ ಹಸಿ. ಆ ಹಸಿ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಗುಲಿದರೆ ಅಲರ್ಜಿ ಬರಬಹುದು. ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹಲ್ಲಿನ ಫಿಲ್ಲಿಂಗ್, ಮೂಳೆಯ ಸಿಮೆಂಟ್, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರಿನ ಅಂಟು, ಇವುಗಳಲ್ಲೂ ಇದೇ ಅಕ್ರಿಲೇಟ್ ಕುಟುಂಬದ ಸಾಮಾನಿದೆ. ಅಂದರೆ ಇವತ್ತಿನ ಉಗುರಿನ ಚೆಂದ ಮುಂದಿನ ಚಿಕಿತ್ಸೆಗೇ ಅಡ್ಡಿಯಾಗಬಹುದು. ಯುರೋಪ್ ಒಕ್ಕೂಟ ಇದೇ ಕುಟುಂಬದ ಹೆಮಾ (HEMA) ಇರುವ ಉಗುರಿನ ಸಾಮಾನನ್ನು 2021ರಿಂದ ವೃತ್ತಿಪರರ ಬಳಕೆಗೆ ಮಾತ್ರ ಬಿಟ್ಟಿದೆ. ಲ್ಯಾಂಪಿನ ಬೆಳಕಿಗೆ ಜೆಲ್ ಗಟ್ಟಿಯಾಗಲೆಂದು ಸೇರಿಸುವ ಟಿಪಿಒ (TPO) ಎಂಬ ಇನ್ನೊಂದು ಸಾಮಾನನ್ನು 2025ರ ಸೆಪ್ಟೆಂಬರ್ 1ರಿಂದ ಪೂರ್ತಿ ನಿಲ್ಲಿಸಿದೆ. ಅಲ್ಲಿನ ನಿಯಮ ನಮಗೆ ಅನ್ವಯಿಸದಿದ್ದರೂ, ಬಾಟಲಿಯ ಹಿಂದೆ ಈ ಎರಡು ಹೆಸರು ಹುಡುಕಿ ಓದುವುದನ್ನು ನನ್ನ ಕ್ಲಾಸಿನಲ್ಲಿ ಮೊದಲ ವಾರವೇ ಕಲಿಸುತ್ತೇನೆ. ಅಪಾಯ ಕಸ್ಟಮರ್‌ಗಿಂತ ನಮಗೇ ಜಾಸ್ತಿ. ಅವರು ತಿಂಗಳಿಗೊಮ್ಮೆ ಬರುತ್ತಾರೆ, ನಾವು ದಿನಾ ಮುಟ್ಟುತ್ತೇವೆ. ನೈಟ್ರೈಲ್ ಗ್ಲೌಸ್ ಹಾಕಿದರೂ ಜೆಲ್ ತಗುಲಿದ ಕೆಲವೇ ನಿಮಿಷಕ್ಕೆ ಒಳಗೆ ಇಳಿಯುತ್ತದೆ. ತಗುಲಿದ ಕೂಡಲೇ ಗ್ಲೌಸ್ ಬದಲಾಯಿಸಬೇಕು. ಮನೆಯಲ್ಲಿ ಹಚ್ಚಿಕೊಳ್ಳುವ ಅಗ್ಗದ ಕಿಟ್‌ಗಳಿಗೆ ನಾನು ಬೇಡ ಎನ್ನುವುದು ಇದೇ ಕಾರಣಕ್ಕೆ.

ತೆಗೆಯುವ ದಿನ ಬಿಲ್ಡರ್ ಓವರ್‌ಲೇಗೆ ಇನ್ನೊಂದು ಅನುಕೂಲ ಇದೆ. ಪೂರ್ತಿ ತೆಗೆಯಲೇಬೇಕು ಅಂತಿಲ್ಲ. ಮೇಲಿನ ಬಣ್ಣ ಫೈಲ್ ಮಾಡಿ, ಕೆಳಗೆ ತೆಳ್ಳನೆಯ ಒಂದು ಪದರ ಹಾಗೇ ಬಿಟ್ಟು, ಬುಡಕ್ಕೆ ಹೊಸದು ತುಂಬಿದರೆ ಸಾಕು. ಉಗುರಿಗೆ ಫೈಲೂ ತಾಗುವುದಿಲ್ಲ, ಅಸಿಟೋನೂ ತಾಗುವುದಿಲ್ಲ. ಅದಕ್ಕೇ ನನ್ನ ಪಟ್ಟಿಯಲ್ಲಿ ಇದು ಮೊದಲು.

ಪಾಲಿಜೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ರಿಲಿಕ್ ಪುಡಿ ಬೆರೆತ ದಪ್ಪ ಜೆಲ್ ಇದು. ಟ್ಯೂಬಿನಿಂದ ಹಿಂಡಿ, ಬ್ರಷ್‌ಗೆ ಅಂಟದ ಹಾಗೆ ಮಾಡುವ ಸ್ಲಿಪ್ ಸೊಲ್ಯೂಷನ್‌ನಲ್ಲಿ ಅದ್ದಿದ ಬ್ರಷ್‌ನಿಂದ ತಟ್ಟಿ, ಲ್ಯಾಂಪಿಗೆ ಇಡುವುದು. ವಾಸನೆ ಇಲ್ಲ, ಹಗುರ, ಗಡಿಬಿಡಿ ಇಲ್ಲ. ಡ್ಯುಯಲ್ ಫಾರ್ಮ್ ಎಂಬ ಅಚ್ಚು ಇದ್ದರೆ ಹೊಸಬರೂ ಮೊದಲ ದಿನವೇ ಚೆಂದದ ಆಕಾರ ತೆಗೆಯುತ್ತಾರೆ. ನನಗೆ ಅದೇ ಇಷ್ಟವಾಗದ್ದು. ಆಕಾರ ಅಚ್ಚಿನಿಂದ ಬರುತ್ತದೆ, ಕೈಯಿಂದ ಅಲ್ಲ. ಏಪೆಕ್ಸ್, ಅಂದರೆ ಉಗುರಿಗೆ ಬಲ ಕೊಡುವ ಉಬ್ಬು, ಎಲ್ಲಿರಬೇಕು, ಯಾಕಿರಬೇಕು ಎನ್ನುವುದು ಕಲಿಯದೇ ಉಳಿಯುತ್ತದೆ. ತೆಗೆಯುವುದೂ ಹೆಚ್ಚು ಪಾಲು ಫೈಲ್ ಮಾಡಿಯೇ. ಡ್ರಿಲ್ ಮಶೀನ್ ಹಿಡಿದು ಹತ್ತು ಬೆರಳು ಮುಗಿಸುವಷ್ಟರಲ್ಲಿ ಮೇಜು ಬೆಳ್ಳಗೆ, ಮಣಿಕಟ್ಟು ಜೋಮು. ಡಸ್ಟ್ ಕಲೆಕ್ಟರ್ ಇಲ್ಲದೆ ಇದನ್ನು ಮುಟ್ಟಲೇಬೇಡಿ. ಹಾರ್ಡ್ ಜೆಲ್‌ಗೂ ಇದೇ ಮಾತು.

ಸಾಫ್ಟ್ ಜೆಲ್ ಟಿಪ್ ಈಗ ಎಲ್ಲರ ಬಾಯಲ್ಲೂ ಇದೆ. ಉಗುರು ಪೂರ್ತಿ ಮುಚ್ಚುವ ಸಿದ್ಧ ಟಿಪ್. ಅದಕ್ಕೆ ಜೆಲ್ ಹಚ್ಚಿ ಒತ್ತಿ, ಲ್ಯಾಂಪ್ ಹಿಡಿದರೆ ಆಯಿತು. ಅಕ್ರಿಲಿಕ್ ಸೆಟ್‌ಗೆ ಎರಡು ಗಂಟೆ ಹಿಡಿದರೆ ಇದಕ್ಕೆ ಅದರ ಅರ್ಧ ಸಾಕು. ಮದುವೆ ಸೀಸನ್‌ನಲ್ಲಿ ಇದು ನಮ್ಮ ಬೆನ್ನು ಉಳಿಸುತ್ತದೆ. ಮದುಮಗಳಿಗೆ ನಾನು ಸಾಮಾನ್ಯವಾಗಿ ಇದನ್ನೇ ಹಾಕುತ್ತೇನೆ. ಅದೂ ಅರಿಶಿನ ಶಾಸ್ತ್ರ ಮುಗಿದ ಮೇಲೆ. ಮೆಹೆಂದಿ ಮೊದಲೇ ಆಗಿದ್ದರೆ, ಬಣ್ಣ ಏರಲಿ ಅಂತ ಸವರಿದ ನೀಲಗಿರಿ ಎಣ್ಣೆ ಉಗುರಿನ ಮೇಲೂ ಕೂತಿರುತ್ತದೆ. ಅದನ್ನು ಚೆನ್ನಾಗಿ ಒರೆಸಿ ತೆಗೆಯದಿದ್ದರೆ ಯಾವ ಟಿಪ್ಪೂ ನಿಲ್ಲುವುದಿಲ್ಲ. ತೆಗೆಯುವುದು ಸುಲಭ: ಮೇಲೆ ಫೈಲ್ ಮಾಡಿ ಅಸಿಟೋನ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ. ಆದರೆ ಇಲ್ಲಿ ಸೈಜ್ ಎಲ್ಲಕ್ಕಿಂತ ಮುಖ್ಯ. ಟಿಪ್ ಒಂದು ನಂಬರ್ ಚಿಕ್ಕದಾದರೂ ಅಂಚು ಒಂದೇ ವಾರಕ್ಕೆ ಏಳುತ್ತದೆ. ಒತ್ತುವಾಗ ಹೊರಗೆ ಉಕ್ಕಿದ ಜೆಲ್ ಕ್ಯೂಟಿಕಲ್ (ಉಗುರಿನ ಬುಡದ ಚರ್ಮ) ಮೇಲೆ ಹಾಗೇ ಗಟ್ಟಿಯಾದರೆ, ಮೇಲೆ ಹೇಳಿದ ಅಲರ್ಜಿಯ ದಾರಿ ಅದೇ. ಇದರ ಕೆಲಸ ಬೇಗ, ಹಾಗಾಗಿ ಅವಸರವೂ ಜಾಸ್ತಿ. ಅದನ್ನೇ ಕ್ಲಾಸಿನಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಒಂದೇ ದಿನದ ಫಂಕ್ಷನ್ ಅಂದರೆ ಇವು ಯಾವುದೂ ಬೇಡ. ಅಂಟಿನ ಟ್ಯಾಬ್ ಹಾಕಿ ಒತ್ತಿ ಕೂರಿಸುವ ಪ್ರೆಸ್-ಆನ್ ಉಗುರು ಸಾಕು. ರಾತ್ರಿ ಬೆಚ್ಚನೆಯ ಸೋಪು ನೀರಿನಲ್ಲಿ ಕೈ ಅದ್ದಿ ತೆಗೆದಿಡಿ.

ಕಸ್ಟಮರ್‌ಗೆ ಬಿಲ್ಡರ್ ಮೊದಲು ಎಂದೆ. ಹಾಗಾದರೆ ಕಲಿಯುವವರಿಗೂ ಅದೇ ಮೊದಲಾ? ಅಲ್ಲ. ಕಲಿಯುವವರಿಗೆ ನಾನು ಅಕ್ರಿಲಿಕ್‌ನಿಂದಲೇ ಶುರು ಮಾಡಿಸುತ್ತೇನೆ. ಈ ಬಗ್ಗೆ ಬೇರೆ ಟ್ರೈನರ್‌ಗಳಿಗೂ ನನಗೂ ಒಮ್ಮತ ಇಲ್ಲ. "ಈಗ ಯಾರು ಕೇಳುತ್ತಾರೆ ಅಕ್ರಿಲಿಕ್? ಎರಡು ದಿನದಲ್ಲಿ ಜೆಲ್ ಟಿಪ್ ಕಲಿಸಿ ಕಳಿಸಿ, ದುಡಿಯಲಿ" ಎನ್ನುತ್ತಾರೆ. ಅವರ ಮಾತಿನಲ್ಲೂ ನ್ಯಾಯ ಇದೆ. ಸಾಲ ಮಾಡಿ ಫೀಸ್ ಕಟ್ಟಿದ ಹುಡುಗಿಗೆ ಬೇಗ ಸಂಪಾದನೆ ಬೇಕು. ಆದರೆ ನಾನು ಕಂಡಿದ್ದು ಇಷ್ಟು. ಅಕ್ರಿಲಿಕ್ ಬೀಡ್ ಹಿಡಿತಕ್ಕೆ ಬಂದವಳು ಜೆಲ್ ಅನ್ನು ಒಂದು ವಾರದಲ್ಲಿ ಕಲಿಯುತ್ತಾಳೆ. ಟಿಪ್ ಒತ್ತಲು ಮಾತ್ರ ಕಲಿತವಳು ಮುರಿದ ಒಂದು ಉಗುರು ಎದುರಿಗೆ ಬಂದರೆ ನಿಂತುಬಿಡುತ್ತಾಳೆ. ಬೀಡ್‌ನಲ್ಲಿ ಲಿಕ್ವಿಡ್ ಜಾಸ್ತಿಯಾದರೆ ಕ್ಯೂಟಿಕಲ್‌ಗೆ ಹರಿಯುತ್ತದೆ, ಕಡಿಮೆಯಾದರೆ ಬಿರುಕು ಬಿಡುತ್ತದೆ. ಅದು ಅಲ್ಲೇ, ಆಗಲೇ ಕಣ್ಣಿಗೆ ಕಾಣುತ್ತದೆ. ಅಳತೆ, ಒತ್ತಡ, ಸಮಯ ಮೂರೂ ಬೆರಳಿಗೆ ಹತ್ತುತ್ತವೆ.

ಅದಕ್ಕಿಂತ ಮೊದಲು ಇನ್ನೊಂದು ಪಾಠ ಇದೆ. ನನ್ನ ಬ್ಯಾಚಿನಲ್ಲಿ ಹಾಕುವುದನ್ನು ಕಲಿಯುವ ಮುಂಚೆ ತೆಗೆಯುವುದನ್ನು ಕಲಿಯಬೇಕು. ಒಬ್ಬರ ಕೈ ಇನ್ನೊಬ್ಬರು ಹಿಡಿದು, ಅಸಿಟೋನ್ ಹತ್ತಿ ಇಟ್ಟು, ಕಾಯಬೇಕು. ಬಿಡದಿದ್ದರೆ ಪುಷರ್‌ನಿಂದ ಕೆರೆಯುವ ಹಾಗಿಲ್ಲ, ಮತ್ತೆ ಸುತ್ತಿ ಮತ್ತೆ ಕಾಯಬೇಕು. ಹಾವೇರಿಯಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಎರಡನೇ ದಿನ ಬೇಸರದಿಂದ ಕೇಳಿದ್ದಳು: "ಮೇಡಂ, ಬಣ್ಣ ಯಾವಾಗ?" ಈಗ ಅವಳದ್ದೇ ಪಾರ್ಲರ್ ಇದೆ. ಬೇರೆ ಕಡೆ ಹಾಕಿಸಿದ್ದನ್ನು ತೆಗೆಸಿಕೊಳ್ಳಲು ಜನ ಅವಳ ಹತ್ತಿರ ಬರುತ್ತಾರಂತೆ.

ರೇಟ್ ಕಾರ್ಡ್ ಮಾಡುವಾಗ ತೆಗೆಯುವುದಕ್ಕೆ ಬೇರೆ ಸಾಲು ಹಾಕಿ, ಬೇರೆ ದುಡ್ಡು ಬರೆಯಿರಿ. "ಫ್ರೀ" ಅಂತ ಬರೆದರೆ ಅವಸರದಲ್ಲಿ ಕೀಳುತ್ತೀರಿ. ಒಂದು ಸೆಟ್ ತೆಗೆಯಲು ಮುಕ್ಕಾಲು ಗಂಟೆಯಾದರೂ ಬೇಕು, ಆ ಮುಕ್ಕಾಲು ಗಂಟೆಗೆ ಬೆಲೆ ಇದೆ. ಕಸ್ಟಮರ್ ಆಗಿ ಹೋಗುವವರೂ ಹಾಕಿಸಿಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ಲಿಕ್ವಿಡ್ ಯಾವುದು, ತೆಗೆಯುವುದು ಹೇಗೆ? ಬಾಟಲಿ ತೋರಿಸಿ ಉತ್ತರ ಹೇಳಿದರೆ ಧೈರ್ಯವಾಗಿ ಕೈ ಕೊಡಿ.