ರಾಜೀನಾಮೆ ಹಿಂಪಡೆಯುವ ಮುನ್ನ ಪತ್ರ ಕೈಗೆ ಬರಲಿ

ಬೇರೆ ಕಡೆ ಕೆಲಸ ಸಿಕ್ಕಿ ರಾಜೀನಾಮೆ ಕೊಟ್ಟಿರುವವರಿಗೆ, ‘ಅಷ್ಟೇ ಸಂಬಳ ನಾವೇ ಕೊಡುತ್ತೇವೆ, ಇಲ್ಲೇ ಇರಿ’ ಎಂದು ಈಗಿನ ಕಂಪನಿ ಹೇಳುತ್ತಿದ್ದರೆ, ಉತ್ತರ ಕೊಡುವ ಮುನ್ನ ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ನಾನು ರಾಜೀನಾಮೆ ಸಲ್ಲಿಸಿದಾಗ ನಮ್ಮ ಪ್ರಾಜೆಕ್ಟಿನ ಬಿಡುಗಡೆ ಹತ್ತಿರವಿತ್ತು. ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರೂ ನನ್ನನ್ನು ಕೂರಿಸಿಕೊಂಡು, ಹೊಸ ಕಂಪನಿಯಷ್ಟೇ ಸಿಟಿಸಿ (ವರ್ಷದ ಒಟ್ಟು ಸಂಬಳ, ಭತ್ಯೆಗಳ ಮೊತ್ತ), ಏಪ್ರಿಲ್‌ನಲ್ಲಿ ಬಡ್ತಿ ಎಂದು ಭರವಸೆ ಕೊಟ್ಟರು. ಹೊಸ ಸಂಬಳದ ಪತ್ರ ಮೇಲಿನವರ ಒಪ್ಪಿಗೆಗೆ ಹೋಗಿದೆ, ಅಷ್ಟರಲ್ಲಿ ಪೋರ್ಟಲ್‌ನಲ್ಲಿ ರಾಜೀನಾಮೆಯನ್ನು ಹಿಂಪಡೆದುಬಿಡಿ ಎಂದು ಒತ್ತಾಯಿಸಿದರು. ನಾನು ಹಿಂಪಡೆದು, ಹೊಸ ಕಂಪನಿಗೆ ಬರಲಾಗುವುದಿಲ್ಲವೆಂದು ಬರೆದ ಮೇಲೆಯೇ ಪತ್ರ ಬಂದದ್ದು.

ಅದರಲ್ಲಿ ಒಟ್ಟು ಮೊತ್ತ ಹೇಳಿದಷ್ಟೇ ಇತ್ತು. ಆದರೆ ಕೊನೆಯ ಪುಟದ ಕೋಷ್ಟಕದಲ್ಲಿ ಮೂಲ ವೇತನ ಒಂದು ರೂಪಾಯಿಯೂ ಏರಿರಲಿಲ್ಲ. ಹೆಚ್ಚಳದ ಬಹುಪಾಲು 2 ಲಕ್ಷ ರೂಪಾಯಿಯ ರಿಟೆನ್ಷನ್ ಬೋನಸ್ (ಕೆಲಸ ಬಿಡದಿರಲೆಂದು ಕೊಡುವ ಮೊತ್ತ), ಉಳಿದದ್ದು ವೇರಿಯಬಲ್ ಪೇ, ಅಂದರೆ ಕೆಲಸದ ಫಲಿತಾಂಶ ನೋಡಿ ಕೊಡುವ ಭಾಗ. ಗ್ರಾಚ್ಯುಟಿ (ದೀರ್ಘಕಾಲ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಹಣ) ಆಗ ಲೆಕ್ಕವಾಗುತ್ತಿದ್ದುದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ, ಬೋನಸ್ಸಿನ ಮೇಲಲ್ಲ. ಬೋನಸ್ ಸಿಗುವುದೂ ಒಮ್ಮೆ ಮಾತ್ರ, ಆದ್ದರಿಂದ ಇಂತಹ ಹೆಚ್ಚಳ ಆ ಒಂದು ವರ್ಷ ಕಳೆದರೆ ಅಲ್ಲಿಗೇ ಮುಗಿಯುತ್ತದೆ. ಬಡ್ತಿಯ ಬಗ್ಗೆ ಪತ್ರದಲ್ಲಿ ಒಂದು ಪದವೂ ಇರಲಿಲ್ಲ.

ಬೋನಸ್ ಪಡೆದ 12 ತಿಂಗಳೊಳಗೆ ರಾಜೀನಾಮೆ ಕೊಟ್ಟರೆ ಪೂರ್ತಿ ಮೊತ್ತವನ್ನು ಮರಳಿಸಬೇಕು ಎಂಬ ಷರತ್ತು ಅದೇ ಪುಟದಲ್ಲಿತ್ತು. ಪೂರ್ತಿ ಎಂದರೆ ಏನೆಂಬುದನ್ನು ನಿಧಾನವಾಗಿ ಲೆಕ್ಕ ಹಾಕಿ ನೋಡಬೇಕು. ಶೇ. 30ರ ತೆರಿಗೆ ಹಂತದಲ್ಲಿರುವವರಿಗೆ ಶೇ. 4ರ ಸೆಸ್ ಸೇರಿ 2 ಲಕ್ಷದಲ್ಲಿ 62,400 ರೂಪಾಯಿ ಟಿಡಿಎಸ್ (ಕಂಪನಿ ಮೊದಲೇ ಮುರಿದುಕೊಂಡು ಕಟ್ಟುವ ಆದಾಯ ತೆರಿಗೆ) ಹೋಗಿ, ಕೈಗೆ ಬರುವುದು 1,37,600 ಮಾತ್ರ. ವಾಪಸು ಕೇಳುವಾಗ ಕಂಪನಿ ಕೇಳಿದ್ದು 2 ಲಕ್ಷವನ್ನೇ. ಅಷ್ಟರಲ್ಲಿ ಹಣಕಾಸು ವರ್ಷ ಬದಲಾಗಿದ್ದರೆ, ಕಟ್ಟಿಹೋದ ತೆರಿಗೆಯನ್ನು ಮರಳಿ ಪಡೆಯುವುದು ದೊಡ್ಡ ತಲೆನೋವು.

ಏಪ್ರಿಲ್‌ನ ಅಪ್ರೈಸಲ್‌ನಲ್ಲಿ (ವರ್ಷದ ಕೆಲಸ ನೋಡಿ ಸಂಬಳ ಏರಿಸುವ ಪರಿಶೀಲನೆ) ‘ನಿಮಗೆ ಆಗಲೇ ಕೊಟ್ಟಾಗಿದೆಯಲ್ಲ’ ಎಂಬ ಉತ್ತರ ಸಿಕ್ಕಿತು. ನೋಟಿಸ್ ಅವಧಿಯಲ್ಲಿ ಶುರುವಾಗಿದ್ದ ಕೆಟಿ (ನನ್ನ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿಕೊಡುವುದು) ಮಾತ್ರ ನಿಲ್ಲಲಿಲ್ಲ. ತಂಡಕ್ಕೆ ಬ್ಯಾಕಪ್ ಇರಲಿ ಎಂಬ ನೆಪದಲ್ಲಿ ನನ್ನ ಮಾಡ್ಯೂಲ್ ಪೂರ್ತಿಯಾಗಿ ಕಿರಿಯ ಸಹೋದ್ಯೋಗಿಯ ಕೈ ಸೇರಿತು. ಬಿಡುಗಡೆ ಮುಗಿದ ಮೇಲೆ ಯಾವ ಪ್ರಾಜೆಕ್ಟೂ ಕೊಡದೆ ನನ್ನನ್ನು ಬೆಂಚಿಗೆ ಹಾಕಿದರು, ಕೊನೆಗೆ ‘ನೀವಾಗಿಯೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್‌ಗೆ (ಕೆಲಸದಿಂದ ಬಿಡುಗಡೆಯಾದ ಪತ್ರಕ್ಕೆ) ತೊಂದರೆಯಾಗುವುದಿಲ್ಲ’ ಎಂದರು. ಹಾಗೆ ಕೊಡಿಸಿಕೊಂಡ ರಾಜೀನಾಮೆಯನ್ನೇ ಮುಂದಿಟ್ಟುಕೊಂಡು ಅಂತಿಮ ಲೆಕ್ಕದಲ್ಲಿ ಬೋನಸ್ ಮುರಿದುಕೊಂಡದ್ದು ನನಗೆ ಇಂದಿಗೂ ಅನ್ಯಾಯವೆಂದೇ ಅನ್ನಿಸುತ್ತದೆ.

ಈಗಿನ ಕಂಪನಿ ಉಳಿಸಿಕೊಳ್ಳಲು ಕೊಡುವ ಎಲ್ಲ ಕೌಂಟರ್ ಆಫರ್‌ಗಳೂ ಹೀಗಿರುತ್ತವೆ ಎಂದು ನಾನು ಹೇಳುವುದಿಲ್ಲ. ಪಕ್ಕದ ತಂಡದ ಸ್ನೇಹಿತರೊಬ್ಬರಿಗೆ ಮೂಲ ವೇತನವನ್ನೇ ಏರಿಸಿ ಪತ್ರವನ್ನು ಮೊದಲೇ ಕೊಟ್ಟಿದ್ದರು, ಅವರು ನೆಮ್ಮದಿಯಿಂದ ಅಲ್ಲೇ ಇದ್ದಾರೆ. ಮ್ಯಾನೇಜರ್ ಸುಳ್ಳನ್ನೇ ಹೇಳುತ್ತಾರೆಂದೂ ಅಲ್ಲ. ಬಡ್ತಿಯ ಪಟ್ಟಿಯನ್ನು ಅಂತಿಮಗೊಳಿಸುವ ಅಧಿಕಾರ ಎಷ್ಟೋ ಕಡೆ ಅವರಿಗೆ ಇರುವುದೇ ಇಲ್ಲ. ಆದರೆ 90 ದಿನಗಳ ನೋಟಿಸ್ ಸಾಕಾಗದ ಕಂಪನಿಗೆ, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಿಕೊಳ್ಳಲು ಇನ್ನಷ್ಟು ಕಾಲ ಬೇಕಾಗಿರಬಹುದು ಎಂಬುದನ್ನು ಯೋಚಿಸಲೇಬೇಕು.

ಆದ್ದರಿಂದ ಮೂಲ ವೇತನ ಎಷ್ಟು ಏರಿದೆ, ಯಾವ ತಿಂಗಳಿನಿಂದ, ಏಪ್ರಿಲ್‌ನ ಅಪ್ರೈಸಲ್‌ಗೆ ನಿಮ್ಮನ್ನು ಪರಿಗಣಿಸುತ್ತಾರೆಯೇ, ಕಂಪನಿಯೇ ನಿಮ್ಮನ್ನು ಕಳುಹಿಸಿದರೆ ಬೋನಸ್ ವಾಪಸು ಕೇಳುತ್ತಾರೆಯೇ ಎಂಬುದೆಲ್ಲ ಸಹಿಯಾದ ಪತ್ರದಲ್ಲಿ ಬರುವವರೆಗೆ ಹೊಸ ಕಂಪನಿಗೆ ‘ಇಲ್ಲ’ ಎನ್ನಬೇಡಿ. ಪತ್ರ ತಡವಾಗುತ್ತದೆ ಎಂದರೆ ಅಲ್ಲಿಯವರೆಗೆ ರಾಜೀನಾಮೆ ಪೋರ್ಟಲ್‌ನಲ್ಲಿ ಹಾಗೆಯೇ ಇರಲಿ. ನಿಮ್ಮನ್ನು ಉಳಿಸಿಕೊಳ್ಳುವ ಮನಸ್ಸು ಅವರಿಗೆ ನಿಜವಾಗಿಯೂ ಇದ್ದರೆ, ಪತ್ರ ಕೈಸೇರಿದ ಮರುದಿನ ಹಿಂಪಡೆದರೂ ಒಪ್ಪಿಕೊಳ್ಳುತ್ತಾರೆ.