ಗಂಗಾವತಿಯ ಗ್ಯಾರೇಜಿನಲ್ಲಿ ಕ್ಯಾರವಾನ್‌ನ ನೀರು ಮತ್ತು ಹೀಟರ್ ಕೆಲಸ

ಆನೆಗೊಂದಿ ಕಡೆ ತಂಗಲೆಂದು ಕೊಂಡ ಕ್ಯಾರವಾನ್‌ನ ನೀರಿನ ವ್ಯವಸ್ಥೆಯನ್ನು ಮೊದಲ ಬಳಕೆಗೆ ಸಿದ್ಧಪಡಿಸಿಕೊಟ್ಟ ಗಂಗಾವತಿಯ ಗ್ಯಾರೇಜಿನವರ ಕೆಲಸ ಮೆಚ್ಚುವಂತಿದೆ. (ನಮ್ಮ ಬಿಸಿಲಿಗೆ ಹೀಟರ್ ಏಕೆ ಎನ್ನುವವರು ಡಿಸೆಂಬರಿನ ಬೆಳಗ್ಗೆ ತುಂಗಭದ್ರೆಯ ದಂಡೆಯಲ್ಲಿ ಸ್ನಾನ ಮಾಡಿ ನೋಡಲಿ.) ಟ್ಯಾಂಕ್ ಮತ್ತು ಪೈಪುಗಳಲ್ಲಿ ಬ್ಲೀಚ್ ಬೆರೆಸಿದ ನೀರನ್ನು ಕೆಲವು ಗಂಟೆ ನಿಲ್ಲಿಸಿ, ವಾಸನೆ ಹೋಗುವವರೆಗೂ ತೊಳೆದರು. ನೀರು ಹೀಟರಿನೊಳಗೆ ಹೋಗುವಂತೆ ಅದರ ಬೈಪಾಸ್ ವಾಲ್ವ್ ತಿರುಗಿಸಿ ಪಂಪ್ ಚಾಲೂ ಮಾಡಿ, ಬಿಸಿನೀರಿನ ನಲ್ಲಿಯಿಂದ ಮೊದಲು ಬುಸುಗುಡುತ್ತ ಗಾಳಿ ಹೊರಟು, ಆಮೇಲೆ ಎಡೆಬಿಡದೆ ನೀರು ಹರಿಯತೊಡಗಿದ ಮೇಲಷ್ಟೇ ಸ್ವಿಚ್ ಹಾಕಿದ್ದು ನನಗೆ ಹಿಡಿಸಿತು. ಖಾಲಿ ಹೀಟರಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಗಡಸು ಬೋರ್‌ವೆಲ್ ನೀರು ತುಂಬಿಸುವವರು ಆನೋಡ್ ರಾಡನ್ನು (ತಾನೇ ಸವೆದು ಹೀಟರಿನ ಟ್ಯಾಂಕನ್ನು ತುಕ್ಕಿನಿಂದ ಕಾಯುವ ಲೋಹದ ಕಡ್ಡಿ) ಆಗಾಗ ಬಿಚ್ಚಿ ನೋಡಬೇಕೆಂಬುದನ್ನು ನಾನಾಗಿ ಕೇಳುವವರೆಗೂ ಅವರು ಹೇಳಲಿಲ್ಲ. ಮಜೂರಿಯನ್ನು ಮಾತಾಡಿಕೊಂಡಷ್ಟೇ ತೆಗೆದುಕೊಂಡರು.